ಕೆಂಪು ಇಳಿಯುವ ತನಕ

ನಮ್ಮೂರಿನಲ್ಲಿ ಯಾರದಾದರೂ ಮುಖ ಕೆಂಪಾದರೆ ಎದುರಿಗಿದ್ದವರೆಲ್ಲ ಬೆನ್ನು ತಿರುಗಿಸಬೇಕು. ಕೆಂಪು ಇಳಿದ ಮೇಲೆ ಕೆಂಪಾದವರು "ಆಯ್ತು" ಎನ್ನಬೇಕು. ಆಮೇಲೆ ಎಲ್ಲರೂ ಮತ್ತೆ ಈ ಕಡೆ ತಿರುಗಿ, ಏನೂ ಆಗಲೇ ಇಲ್ಲವೆಂಬಂತೆ ಬಿಟ್ಟ ಮಾತನ್ನು ಮುಂದುವರಿಸುತ್ತಾರೆ. ಇದಕ್ಕೆ ಮರ್ಯಾದೆ ಎಂದು ಹೆಸರು. ಬೇರೆಯವರಿಗೆ ಈ ಮರ್ಯಾದೆ ವರ್ಷಕ್ಕೆ ಎರಡು ಸಲವೋ ಮೂರು ಸಲವೋ ಸಿಗುತ್ತದೆ, ಅವರು ಖುಷಿಪಡುತ್ತಾರೆ. ನನಗೆ ದಿನಕ್ಕೆ ಇಪ್ಪತ್ತು ಸಲ ಸಿಗುತ್ತದೆ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿದೆ.

ನನ್ನ ಹೆಸರು ಸರ್ವಮಂಗಳ. ವಯಸ್ಸು ಮೂವತ್ತೆಂಟು. ಹೆಂಗಸರ ರವಿಕೆ ಹೊಲಿಯುವುದು ನನ್ನ ಕೆಲಸ. ನಾನು ಬೆಳ್ಳಗೇನಿಲ್ಲ; ರಾಗಿ ಹಿಟ್ಟಿಗೆ ಸ್ವಲ್ಪ ಅಕ್ಕಿ ಹಿಟ್ಟು ಬೆರೆಸಿದರೆ ಯಾವ ಬಣ್ಣವೋ ಅದು ನನ್ನ ಬಣ್ಣ. ಇಂಥ ಮುಖದಲ್ಲಿ ಕೆಂಪು ಎಲ್ಲಿ ಕಾಣುತ್ತದೆ ಎನ್ನುವವರು ನನ್ನ ಕಿವಿಗಳನ್ನು ನೋಡಿಲ್ಲ. ಮೊದಲು ಕಿವಿ ಕಾಯುತ್ತದೆ. ಆಮೇಲೆ ಕತ್ತಿನಿಂದ ಬಿಸಿ ಮೇಲೇರಿ ಕೆನ್ನೆ, ಮೂಗು, ಹಣೆ ಎಲ್ಲ ಬೀಟ್‌ರೂಟ್ ಬೇಯಿಸಿದ ಪಾತ್ರೆಯಂತಾಗುತ್ತದೆ. ಬಿಸಿ ಕಾಫಿ ಕುಡಿದರೆ ಕೆಂಪು. ಹುಳಿಗೆ ಒಂದು ಮೆಣಸಿನಕಾಯಿ ಜಾಸ್ತಿ ಬಿದ್ದರೆ ಕೆಂಪು. ಬಿಸಿಲಿನಿಂದ ನೆರಳಿಗೆ ಬಂದರೆ ಕೆಂಪು. ಯಾರಾದರೂ ಜೋರಾಗಿ ಹೆಸರು ಹಿಡಿದು ಕರೆದರೆ ಕೆಂಪು. ಆರನೇ ಕ್ಲಾಸಿನಲ್ಲಿ ಬಾಯಿತಪ್ಪಿ ಮೇಷ್ಟ್ರನ್ನು "ಅಪ್ಪಾ" ಎಂದು ಕರೆದದ್ದು ನೆನಪಾದರೆ ಈಗಲೂ ಕೆಂಪು. ಇದನ್ನೆಲ್ಲ ನೋಡಿ ಊರಿನವರು ನನ್ನನ್ನು ನಾಚಿಕೆ ಸ್ವಭಾವದವಳು ಎಂದು ತೀರ್ಮಾನಿಸಿದ್ದಾರೆ. ನಾನು ನಾಚಿಕೆಯವಳಲ್ಲ, ಜಗಳಗಂಟಿ. ಮುಖಕ್ಕೆ ಮಾತ್ರ ಅದು ಗೊತ್ತಿಲ್ಲ.

ಬಸ್ಸು ಹತ್ತುವುದನ್ನು ಬಿಟ್ಟು ಹನ್ನೆರಡು ವರ್ಷವಾಯಿತು. ಹತ್ತಿದೆನೆಂದರೆ ರಶ್ಶಿಗೆ, ಸೆಕೆಗೆ ಮುಖ ಕಾಯುತ್ತದೆ. ಕಂಡಕ್ಟರ್ ಟಿಕೆಟ್ ಹರಿಯುವವನು ಹಾಗೇ ತಿರುಗುತ್ತಾನೆ. ಕೂತವರೆಲ್ಲ ಕಿಟಕಿಯ ಕಡೆಗೆ ತಿರುಗುತ್ತಾರೆ. ಡ್ರೈವರ್ ಹೇಗೂ ನನಗೆ ಬೆನ್ನು ಮಾಡಿಯೇ ಕೂತಿರುತ್ತಾನೆ, ಆದರೂ ಕನ್ನಡಿಯಲ್ಲಿ ಕಾಣುತ್ತದಲ್ಲ, ಅದಕ್ಕೆ ಕನ್ನಡಿ ಮಡಚುತ್ತಾನೆ. ಕನ್ನಡಿ ಇಲ್ಲದೆ ಓಡಿಸಬಾರದು ಎಂದು ಬಸ್ಸು ನಿಲ್ಲಿಸುತ್ತಾನೆ. ನಲವತ್ತು ಜನ ಪಾಪ ಉಸಿರು ಬಿಗಿಹಿಡಿದು ನಾನು ತಣ್ಣಗಾಗುವುದನ್ನೇ ಕಾಯುತ್ತಾರೆ. ನಲವತ್ತು ಜನ ಕಾಯುತ್ತಿದ್ದಾರೆ ಎಂದು ಗೊತ್ತಿದ್ದರೆ ಯಾರ ಮುಖ ತಾನೇ ತಣ್ಣಗಾದೀತು? ಅದಕ್ಕೇ ನಡೆದೇ ಹೋಗುತ್ತೇನೆ. ನಡೆದರೆ ಬಿಸಿಲು. ಬಿಸಿಲಿಗೆ ಮತ್ತೆ ಕೆಂಪು.

ನನ್ನ ಮದುವೆಯಲ್ಲಿ ಮುಹೂರ್ತಕ್ಕೆ ಸರಿಯಾಗಿ ಹೋಮದ ಹೊಗೆ ಮುಖಕ್ಕೆ ಬಡಿಯಿತು. ಪುರೋಹಿತರು ತಿರುಗಿದರು, ವಾದ್ಯದವರು ತಿರುಗಿದರು, ಛತ್ರದಲ್ಲಿದ್ದವರೆಲ್ಲ ತಿರುಗಿದರು. ಮುಹೂರ್ತ ಮೀರಬಾರದು ಎಂದು ನನ್ನ ಗಂಡ ರುದ್ರೇಶ ಬೆನ್ನು ಮಾಡಿಕೊಂಡೇ ಕೈಗಳನ್ನು ಹಿಂದಕ್ಕೆ ಚಾಚಿ, ತಡವಿ ತಡವಿ ತಾಳಿ ಕಟ್ಟಿದ. ಮೂರು ಗಂಟಿನಲ್ಲಿ ಒಂದು ನನ್ನ ಜಡೆಗೆ ಬಿದ್ದಿತ್ತು. ಜನ ಹಿಂದೆ ನೋಡದೆ ತಲೆಯ ಮೇಲಿಂದ ಎಸೆದ ಅಕ್ಷತೆ ಅರ್ಧ ಅಡುಗೆಯವರ ಮೇಲೆ ಬಿತ್ತು. ರುದ್ರೇಶ ಒಳ್ಳೆಯವನು. ಊರಿನ ನೀರಿನ ಟ್ಯಾಂಕಿನಲ್ಲಿ ಪಂಪು ನೋಡಿಕೊಳ್ಳುತ್ತಾನೆ, ಒಂದು ದಿನವೂ ಗದರಿದವನಲ್ಲ. ಆದರೆ ಮನೆಯಲ್ಲೂ ಮರ್ಯಾದೆ ಬಿಡುವುದಿಲ್ಲ. ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತು ಏನೋ ಹೇಳುತ್ತಿರುತ್ತೇನೆ, ನೋಡಿದರೆ ಅವನು ಡಬ್ಬಿಗಳ ಕಡೆ ತಿರುಗಿ ನಿಂತಿರುತ್ತಾನೆ.

ಇದಕ್ಕಿಂತ ಮೈ ಉರಿಸುವ ಇನ್ನೊಂದು ಕಟ್ಟಳೆ ಇದೆ. ಬೆನ್ನಿಗೆ ಆಡಿದ ಮಾತು ನಮ್ಮೂರಿನಲ್ಲಿ ಮಾತಲ್ಲ. ಕೇಳಿಸಿದರೂ ಕೇಳಿಸಿಲ್ಲ ಎಂದೇ ಇರಬೇಕು, ಅದಕ್ಕೆ ಉತ್ತರ ಕೊಡಬಾರದು, ಇನ್ನೊಬ್ಬರಿಗೆ ಹೇಳಬಾರದು. ಕೆಂಪಾದವರು ಮುಜುಗರದಲ್ಲಿ ಏನಾದರೂ ಬಡಬಡಿಸಿದರೆ ಅವರನ್ನು ಕಾಪಾಡಬೇಕಲ್ಲ, ಅದಕ್ಕಂತೆ. ಹಾಗಾಗಿ ನನ್ನ ಅರ್ಧ ಆಯುಷ್ಯದ ಮಾತು ಗೋಡೆಯ ಪಾಲಾಗಿದೆ. ತರಕಾರಿಯವಳಿಗೆ ಅರ್ಧ ಕಿಲೋ ಹುರುಳಿಕಾಯಿ ಎಂದಿರುತ್ತೇನೆ, ಮುಖ ಕೆಂಪಾಗಿರುತ್ತದೆ, "ಆಯ್ತು" ಎಂದ ಮೇಲೆ ಅವಳು ತಿರುಗಿ "ಏನು ಬೇಕಿತ್ತಕ್ಕಾ?" ಎನ್ನುತ್ತಾಳೆ. ಕೇಳಿಸಿರುತ್ತದೆ, ಕೈಯಲ್ಲಿ ಹುರುಳಿಕಾಯಿ ಹಿಡಿದೇ ಇರುತ್ತಾಳೆ! ಸುಳ್ಳೇಕೆ ಹೇಳಲಿ, ಈ ಕಟ್ಟಳೆಯನ್ನು ನಾನೂ ಸ್ವಲ್ಪ ಬಳಸಿಕೊಂಡಿದ್ದೇನೆ. ಊರಿನ ಎಲ್ಲರಿಗೂ ಅವರವರ ಬೆನ್ನಿಗೆ ಒಂದಲ್ಲ ಒಂದು ಸಲ ಬೈದಿದ್ದೇನೆ. ನನ್ನ ನಾದಿನಿಗಂತೂ ಒಂದು ಯುಗಾದಿಯಲ್ಲಿ ಪೂರ್ತಿ ಹದಿನೈದು ನಿಮಿಷ. ಅವಳು ಆಮೇಲೆ ತಿರುಗಿ ಒಬ್ಬಟ್ಟು ಬಡಿಸಿದಳು.

ಮದ್ದು ಮಾಡಿಲ್ಲವೇ ಎಂದು ಕೇಳಬಹುದು. ಮಾಡದ್ದು ಯಾವುದಿದೆ? ಗಂಧ ತೇಯ್ದು ಹಚ್ಚಿದೆ. ಸೌತೆಕಾಯಿ ಬಿಲ್ಲೆ ಇಟ್ಟುಕೊಂಡು ಮಲಗಿದೆ. ಕಾಫಿಯನ್ನು ಆರಿಸಿ ಕುಡಿಯುವುದು, ಖಾರ ಬಿಡುವುದು, ಮಜ್ಜಿಗೆ ಕುಡಿಯುವುದು ಎಲ್ಲ ಆಯಿತು. ಪೌಡರ್ ದಪ್ಪಗೆ ಬಳಿದುಕೊಂಡರೆ ಮುಖ ಮುಚ್ಚುತ್ತಿತ್ತು, ಕಿವಿ ಮಾತ್ರ ಎರಡು ದಾಸವಾಳ ಸಿಕ್ಕಿಸಿಕೊಂಡ ಹಾಗೆ ಕಾಣುತ್ತಿತ್ತು. ಆಸ್ಪತ್ರೆಯ ಡಾಕ್ಟರು ನಿಧಾನವಾಗಿ ಉಸಿರು ಎಳೆದುಕೊಂಡು ಬಿಡುವುದನ್ನು ಹೇಳಿಕೊಟ್ಟರು. "ಇದು ರೋಗ ಅಲ್ಲಮ್ಮ, ಚರ್ಮದ ಕೆಳಗಿನ ರಕ್ತನಾಳ ಬೇಗ ಅಗಲ ಆಗುತ್ತೆ, ಅಷ್ಟೇ. ಕೆಂಪಾಗಿಬಿಡ್ತೀನಿ ಅನ್ನೋ ಭಯಾನೇ ಅರ್ಧ ಕೆಂಪು ಮಾಡೋದು," ಎಂದರು. ಒಳ್ಳೆಯ ಮಾತು. ಆದರೆ ಅದನ್ನೂ ಗೋಡೆ ನೋಡಿಕೊಂಡೇ ಹೇಳಿದರು.

ಇರಲಿ, ಹೇಳಬೇಕೆಂದು ಕೂತದ್ದು ಅಂಗಡಿಯ ವಿಷಯ. ಹದಿನಾಲ್ಕು ವರ್ಷದಿಂದ ನಾನು ಒಬ್ಬರ ಮನೆಯ ಜಗುಲಿಯಲ್ಲಿ ಮಿಷನ್ ಇಟ್ಟುಕೊಂಡಿದ್ದೆ. ಮನೆಯವರು ಜಗುಲಿ ಒಡೆದು ಕಾರು ನಿಲ್ಲಿಸಲು ಜಾಗ ಮಾಡುತ್ತೇವೆ, ಈ ತಿಂಗಳ ಕೊನೆಗೆ ಖಾಲಿ ಮಾಡಿ ಎಂದರು. ನಮ್ಮ ಮನೆಯಲ್ಲಿ ಮಿಷನ್ ಇಟ್ಟರೆ ಮಲಗಲು ಜಾಗವಿಲ್ಲ. ಅದೇ ಸಮಯಕ್ಕೆ ಹೊಸ ಮಾರ್ಕೆಟ್ಟಿನಲ್ಲಿ ಟೈಲರಿಗೆಂದೇ ಒಂದು ಅಂಗಡಿ, ಹನ್ನೊಂದನೇ ನಂಬರಿನದು, ಎತ್ತಿಟ್ಟಿದ್ದರು. ಅರ್ಜಿ ಹಾಕಿದವರಲ್ಲಿ ನನ್ನ ಹೆಸರೇ ಮೊದಲು. ನನ್ನ ಹಿಂದೆ ಇದ್ದವನು ಕಾಂತರಾಜು. ಅವನಿಗೆ ಸೂಜಿಗೆ ದಾರ ಪೋಣಿಸಲು ಬಾರದು, ಬೇರೆ ಊರಿನಿಂದ ನೈಟಿ ತಂದು ಮಾರುತ್ತಾನೆ. ಆದರೆ ಅವನು ಮಾರ್ಕೆಟ್ ಸಮಿತಿಯ ಅಧ್ಯಕ್ಷ ಗುರುಶಾಂತಪ್ಪನವರ ಅಳಿಯ, ಮೇಲಾಗಿ ಅವನ ಮುಖ ಹುಟ್ಟಿದಾಗಿನಿಂದ ಒಂದೇ ಬಣ್ಣ.

ಸಮಿತಿಯ ಮುಂದೆ ಅರ್ಜಿಯನ್ನು ಬಾಯಲ್ಲಿ ಓದಿ ಹೇಳಬೇಕು. ಸಮಿತಿಯಲ್ಲಿ ಐದು ಜನ. ಐದರಲ್ಲಿ ಮೂವರು ಮುಖ ಕೊಟ್ಟು ಕೇಳಿದರೆ ಅರ್ಜಿ ಕೇಳಿದಂತೆ. ಮೇಜಿನ ಮೇಲೆ ಒಂದು ಊದುಬತ್ತಿ ಹಚ್ಚುತ್ತಾರೆ, ಅದು ಉರಿದು ಮುಗಿಯುವಷ್ಟರಲ್ಲಿ ಹೇಳಿ ಮುಗಿಸಬೇಕು. ಮೂರು ಸಲ ಅವಕಾಶ. ಮೂರಕ್ಕೂ ಹೇಳದಿದ್ದರೆ ಅಂಗಡಿ ಮುಂದಿನವರಿಗೆ.

ಸಮಿತಿಯ ಕೋಣೆ ಮಾರ್ಕೆಟ್ಟಿನ ಮಹಡಿಯಲ್ಲಿ, ಇಪ್ಪತ್ತೆರಡು ಮೆಟ್ಟಿಲು. ಮೊದಲನೇ ಸಲ ಹತ್ತಿ ಒಳಗೆ ಹೋಗಿ "ನಮಸ್ಕಾರ" ಎನ್ನುವಷ್ಟರಲ್ಲಿ ಮುಖ ಕಾದು ಕೆಂಡವಾಗಿತ್ತು. ಐದು ಜನ ತಿರುಗಿದರು. ಊದುಬತ್ತಿ ಬೂದಿಯಾಗುವ ತನಕ ನಾನು ಅವರ ಬೆನ್ನುಗಳನ್ನು ನೋಡುತ್ತ ನಿಂತೆ. ಗುಮಾಸ್ತ ಮೋನಪ್ಪ ರಿಜಿಸ್ಟರಿನಲ್ಲಿ "ಅರ್ಜಿದಾರರು ಮಾತಾಡಲಿಲ್ಲ" ಎಂದು ಬರೆದ. ಅವನೂ ಗೋಡೆಯ ಕಡೆ ತಿರುಗಿ, ರಿಜಿಸ್ಟರನ್ನು ಗೋಡೆಗೆ ಒತ್ತಿ ಹಿಡಿದು ಬರೆದ.

ಎರಡನೇ ಸಲ ಒಂದು ಗಂಟೆ ಮುಂಚೆಯೇ ಹೋಗಿ ಮೇಲೆ ಕೂತೆ. ಒದ್ದೆ ಬಟ್ಟೆಯಲ್ಲಿ ಕತ್ತು ಒರೆಸಿಕೊಂಡೆ. ಮುಖ ಮಣ್ಣಿನ ಮಡಕೆಯಷ್ಟು ತಣ್ಣಗಿತ್ತು. ಆಗ ಮೋನಪ್ಪ ಬಾಗಿಲಿಗೆ ಬಂದು, ನಾನು ಎರಡು ಮಾರು ದೂರದಲ್ಲಿ ಕೂತಿದ್ದರೂ, ಕೆಳಗಿನ ಮಾರ್ಕೆಟ್ಟಿಗೆಲ್ಲ ಕೇಳುವ ಹಾಗೆ "ಸರ್ವಮಂಗಳ ರುದ್ರೇಶ್!" ಎಂದು ಕೂಗಿದ. ಮುಗಿಯಿತು. ರಿಜಿಸ್ಟರಿನಲ್ಲಿ ಮತ್ತೆ "ಮಾತಾಡಲಿಲ್ಲ."

ಮೆಟ್ಟಿಲಿಳಿಯುವಾಗ ಅವನಿಗೆ ಹೇಳಿದೆ, "ಮೋನಪ್ಪ, ಮುಂದಿನ ಸಲ ದಯವಿಟ್ಟು ಮೆಲ್ಲಗೆ ಕರಿ. ಇಲ್ಲಾಂದ್ರೆ ಕೈ ಸನ್ನೆ ಮಾಡು, ಸಾಕು." ಅವನು ಗೋಡೆಗೆ ತಿರುಗಿ ನಿಂತಿದ್ದ. ನಾನಿನ್ನೂ "ಆಯ್ತು" ಎಂದಿರಲಿಲ್ಲ.

ಮೂರನೇ ಸಲಕ್ಕೆ ಒಂದು ವಾರ ತಯಾರಿ ಮಾಡಿದೆ. ಉಪ್ಪು ಹುಳಿ ಖಾರ ಬಿಟ್ಟು ಬರೀ ಮೊಸರನ್ನ ತಿಂದೆ. ಅರ್ಜಿಯನ್ನು ಕನ್ನಡಿಯ ಮುಂದೆ ನಲವತ್ತು ಸಲ ಓದಿದೆ. ರುದ್ರೇಶ ಐಸ್‌ಕ್ಯಾಂಡಿ ಗಾಡಿಯವನ ಹತ್ತಿರ ಮಂಜುಗಡ್ಡೆ ತಂದು ಟವೆಲಿನಲ್ಲಿ ಸುತ್ತಿಕೊಟ್ಟ. "ಧೈರ್ಯವಾಗಿ ಹೋಗು, ನಾನು ಕೆಳಗೇ ಇರ್ತೀನಿ," ಎಂದ. ಮೋನಪ್ಪನಿಗೆ ಈ ಸಲ ಮುಖ ತಣ್ಣಗಿದ್ದಾಗಲೇ ಹೇಳಿದ್ದೆ, ಅವನು ಸನ್ನೆ ಮಾಡಿಯೇ ಕರೆದ. ಒಳಗೆ ಹೋದೆ. ಊದುಬತ್ತಿ ಹಚ್ಚಿದರು. ಐದು ಮುಖಗಳು ನನ್ನನ್ನು ನೋಡಿದವು. ಮಧ್ಯದಲ್ಲಿ ಗುರುಶಾಂತಪ್ಪ, ಅವರ ಬಲಕ್ಕೆ ಬೆಲ್ಲದ ಮಂಡಿ ಚನ್ನಪ್ಪ, ಎಡಕ್ಕೆ ಇನ್ನಿಬ್ಬರು ವ್ಯಾಪಾರಿಗಳು, ತುದಿಯ ಕುರ್ಚಿಯಲ್ಲಿ ಸೂಲಗಿತ್ತಿ ತಾಯಮ್ಮ. ತಾಯಮ್ಮನಿಗೆ ಎಂಬತ್ತು ದಾಟಿದೆ, ಸಭೆಯಲ್ಲಿ ಸಾಮಾನ್ಯವಾಗಿ ತೂಕಡಿಸುತ್ತಿರುತ್ತಾರೆ.

"ಮಾನ್ಯ ಅಧ್ಯಕ್ಷರೇ, ಸದಸ್ಯರೇ," ಎಂದೆ. ಕಿವಿ ತಣ್ಣಗಿತ್ತು. "ನಾನು ಸರ್ವಮಂಗಳ, ಇದೇ ಊರಿನವಳು, ಇಪ್ಪತ್ತು ವರ್ಷದಿಂದ ಹೊಲಿಗೆ ಕೆಲಸ ಮಾಡ್ತಿದ್ದೀನಿ." ಕತ್ತು ತಣ್ಣಗಿತ್ತು. ಅಬ್ಬಾ, ಇನ್ನೂ ಕೆಂಪಾಗಿಲ್ಲವಲ್ಲ ಎಂದುಕೊಂಡೆ. ಅಷ್ಟೇ ಅಂದುಕೊಂಡದ್ದು. ಅಷ್ಟಕ್ಕೇ ಹತ್ತಿಕೊಂಡಿತು.

ಐದು ಕುರ್ಚಿಗಳು ಒಟ್ಟಿಗೆ ಕಿರ್ರೆಂದವು. ಐದು ಬೆನ್ನುಗಳು. ಊದುಬತ್ತಿ ಇನ್ನೂ ಮುಕ್ಕಾಲು ಭಾಗ ಇತ್ತು. ಉಸಿರು ನಿಧಾನ ಎಳೆದೆ, ನಿಧಾನ ಬಿಟ್ಟೆ. ಡಾಕ್ಟರ ಉಸಿರಾಟ ಮಾಡುತ್ತ ಅರ್ಧ ಊದುಬತ್ತಿ ಕಳೆದುಕೊಂಡೆ. ಕೆಂಪು ಇಳಿಯಲಿಲ್ಲ. ಅಂಗಡಿ ಹೋಯಿತು ಎಂದು ಗೊತ್ತಾಯಿತು. ಮಿಷನ್ನನ್ನು ಎಲ್ಲಿಡಲಿ, ನಾಳೆಯಿಂದ ಏನು ಮಾಡಲಿ ಎಂದು ತಲೆ ಗಿರ್ರೆಂದಿತು. ಆಮೇಲೆ ಅದೆಲ್ಲಿತ್ತೋ ಸಿಟ್ಟು, ಬಂದೇ ಬಂತು. ಹೇಗೂ ಲೆಕ್ಕಕ್ಕಿಲ್ಲದ ಮಾತು, ಆಡಿಯೇ ಹೋಗುತ್ತೇನೆ ಎಂದು ಅರ್ಜಿಯನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿದೆ.

"ಅಧ್ಯಕ್ಷರೇ," ಎಂದೆ. "ನಿಮ್ಮ ಎಡಗಡೆ ಭುಜ ಬಲಗಡೆದಕ್ಕಿಂತ ಒಂದು ಬೆರಳು ಕೆಳಗಿದೆ. ಅದಕ್ಕೇ ನಿಮ್ಮ ಕಾಲರು ಯಾವಾಗಲೂ ಒಂದು ಕಡೆಗೆ ಎಳೆದಿರುತ್ತೆ, ನೀವು ದಿನವಿಡೀ ಕತ್ತು ತಿರುವುತ್ತಿರ್ತೀರಿ. ಯಾವ ಟೈಲರೂ ನಿಮಗೆ ಇದನ್ನ ಹೇಳಿಲ್ಲ, ಯಾಕಂದ್ರೆ ಅವರೆಲ್ಲ ನಿಮ್ಮ ಮುಖ ನೋಡ್ಕೊಂಡು ಹೊಲೀತಾರೆ. ನಾನು ಬೆನ್ನು ನೋಡಿದೋಳು. ಚನ್ನಪ್ಪನೋರೇ, ನಿಮ್ಮ ಶರ್ಟಿಗೆ ಹಿಂದೆ ತೇಪೆ ಹಾಕಿದ್ದಾರೆ. ಬಿಳಿ ಶರ್ಟಿಗೆ ಕೆನೆ ಬಣ್ಣದ ದಾರ. ಮಾರ್ಕೆಟ್ಟಲ್ಲಿ ಎಲ್ಲರೂ ನೋಡ್ತಾರೆ, ಒಬ್ಬರೂ ಹೇಳಲ್ಲ. ಈ ಊರಲ್ಲಿ ಯಾರ ಬೆನ್ನು ಗೂನಾಗ್ತಿದೆ, ಯಾವ ಹುಡುಗಿ ಎದೆ ಬಂತು ಅಂತ ಭುಜ ಮುದುರಿಕೊಂಡು ನಡೀತಾಳೆ, ಯಾರು ಗೋಡೆಗೆ ತಿರುಗಿ ಅಳ್ತಾರೆ, ಎಲ್ಲ ನನಗೆ ಗೊತ್ತು. ಅಳತೆ ಪಟ್ಟಿ ಇಲ್ಲದೆ ನಿಮ್ಮೆಲ್ಲರ ಬಟ್ಟೆ ಕತ್ತರಿಸಬಲ್ಲೆ. ಆದರೂ ಅಂಗಡಿ ಹೋಗೋದು ನೈಟಿ ಮಾರೋನಿಗೆ! ಯಾಕೆ? ಅವನು ಮಾತಾಡ್ತಾನೆ, ನಾನು ಮಾತಾಡಲಿಲ್ಲ. ನಾನು ಮೂವತ್ತೆಂಟು ವರ್ಷದಿಂದ ಮಾತಾಡ್ತಾನೇ ಇದ್ದೀನಿ!"

ಬೆನ್ನುಗಳು ಅಲುಗಾಡಲಿಲ್ಲ. ಊದುಬತ್ತಿ ಎರಡು ಬೆರಳಿನಷ್ಟು ಉಳಿದಿತ್ತು. ಆಗ ತುದಿಯ ಕುರ್ಚಿ ಕಿರ್ರೆಂದಿತು. ತಾಯಮ್ಮ ಕೋಲು ಊರಿಕೊಂಡು ಎದ್ದು, ಕುರ್ಚಿಯನ್ನು ಕಾಲಿನಿಂದ ತಳ್ಳಿ ನನ್ನ ಕಡೆಗೆ ತಿರುಗಿಸಿ, ಕೂತರು. ಕೂತು ನನ್ನ ಮುಖವನ್ನು ನೋಡಿದರು. ಕೆಂಪಗಿದ್ದಾಗ ಯಾರಾದರೂ ನನ್ನ ಮುಖ ನೋಡಿದ್ದು ನನ್ನ ನೆನಪಿನಲ್ಲಿ ಅದೇ ಮೊದಲು. ಕೈ ಎತ್ತಿ ಮುಚ್ಚಿಕೊಳ್ಳಲು ಹೋದೆ.

"ಕೈ ಇಳಿಸೇ," ಎಂದರು ತಾಯಮ್ಮ.

"ತಾಯಮ್ಮನೋರೇ, ಏನಿದು?" ಎಂದು ಗುರುಶಾಂತಪ್ಪ ಗೋಡೆಗೆ ಹೇಳಿದರು. "ಅವಳಿನ್ನೂ ಆಯ್ತು ಅಂದಿಲ್ಲ."

"ಅನ್ನೋದು ಬೇಡ. ಮಕ್ಕಳು ಕೆಂಪಗೇ ಹುಟ್ಟೋದು ಕಣಪ್ಪಾ ಗುರುಶಾಂತ. ಮನೆಯೋರೆಲ್ಲ ಗೋಡೆ ನೋಡ್ಕೊಂಡು ನಿಂತಿರ್ತಾರೆ, ಕೂಸನ್ನ ನೋಡೋಳು ನಾನೊಬ್ಬಳೇ. ಅವತ್ತು ನಾನೂ ಮರ್ಯಾದೆ ಅಂತ ತಿರುಗಿಬಿಟ್ಟಿದ್ರೆ ನಿನ್ನ ಯಾರು ಹಿಡ್ಕೊಳ್ತಿದ್ರು? ಕೆಳಗೆ ಬೀಳ್ತಿದ್ದೆ." ನನ್ನ ಕಡೆ ಕೋಲು ತೋರಿಸಿದರು. "ಇವಳ ಮುಖಾನೂ ಮೊದಲು ನೋಡಿದೋಳು ನಾನೇ. ಅವತ್ತೂ ಹಿಂಗೇ ಇತ್ತು. ಏನೂ ಬದಲಾಗಿಲ್ಲ. ಓದವ್ವ ಅರ್ಜಿ."

ನನಗೆ ಅಳು ಬಂತು. ಅತ್ತರೆ ಇನ್ನೂ ಕೆಂಪಾಗುತ್ತೇನೆ, ಆಗಲಿ ಬಿಡು ಎಂದು ಅರ್ಜಿ ತೆಗೆದೆ. "ಒಬ್ಬರು ಕೇಳಿದ್ರೆ ಆಗಲ್ಲ," ಎಂದರು ಗುರುಶಾಂತಪ್ಪ, "ಮೂವರು ಬೇಕು." ಅವರ ಎಡಗಡೆಯ ಇಬ್ಬರು ಗೋಡೆಗೆ ಇನ್ನೂ ಹತ್ತಿರ ಸರಿದರು.

ಅಷ್ಟರಲ್ಲಿ ಚನ್ನಪ್ಪನವರ ಕೈ ನಿಧಾನವಾಗಿ ಹಿಂದಕ್ಕೆ ಬಂದು ಬೆನ್ನನ್ನು ತಡವಿತು. ಕೈ ಎಟುಕಲಿಲ್ಲ. ಇನ್ನೊಂದು ಕೈಯಿಂದ ಪ್ರಯತ್ನಪಟ್ಟರು. ಕೊನೆಗೆ ತಡೆಯಲಾರದೆ ಪೂರ್ತಿ ತಿರುಗಿ ನನ್ನನ್ನೇ ಕೇಳಿದರು, "ನಿಜವಾಗ್ಲೂ ಕಾಣುತ್ತಾಮ್ಮ? ತೇಪೆ?"

"ಕಾಣುತ್ತೆ," ಎಂದೆ. ಬೆನ್ನಿಗೆ ಹೇಳಿದ ಮಾತಿಗೆ ನಮ್ಮೂರಿನಲ್ಲಿ ಒಬ್ಬರು ಉತ್ತರ ಕೊಟ್ಟಿದ್ದರು. ತಾವು ಏನು ಮಾಡಿದೆವೆಂದು ಹೊಳೆದು ಅವರ ಬಾಯಿ ತೆರೆದೇ ಉಳಿಯಿತು. ಆದರೆ ತಿರುಗಿದ್ದು ತಿರುಗಿ ಆಗಿತ್ತು. ತಾಯಮ್ಮ ಎರಡು ಬೆರಳು ಎತ್ತಿ ತೋರಿಸಿದರು.

ಊದುಬತ್ತಿ ಒಂದು ಬೆರಳು. ಗುರುಶಾಂತಪ್ಪ ಕತ್ತು ತಿರುವಿದರು, ಕಾಲರು ಸರಿ ಮಾಡಿಕೊಂಡರು, ಮತ್ತೆ ಕತ್ತು ತಿರುವಿದರು. "ಆಯ್ತಾ?" ಎಂದು ಕೇಳಿದರು. ಕೆಂಪಾದವರನ್ನು ಹಾಗೆ ಕೇಳುವುದೇ ಅವಮರ್ಯಾದೆ, ಅಷ್ಟು ಕಂಗೆಟ್ಟಿದ್ದರು.

"ಇಲ್ಲ," ಎಂದೆ. "ಈಗೇನೂ ಆಗೋ ಹಾಗಿಲ್ಲ. ಇನ್ನೂ ಜಾಸ್ತಿ ಆಗ್ತಿದೆ. ಹೀಗೇ ಇದ್ದಾಗಲೇ ನೋಡಿ."

ಅವರು ತಿರುಗಿದರು. ಮೊದಲು ನೆಲ ನೋಡಿದರು, ಆಮೇಲೆ ಮೇಜು, ಆಮೇಲೆ ನನ್ನನ್ನು. ಐವತ್ತೈದು ವರ್ಷದ ಮನುಷ್ಯ ಮೊದಲ ಸಲ ಒಂದು ಕೆಂಪು ಮುಖ ನೋಡುತ್ತಿದ್ದರು. ಕಣ್ಣು ಕಿರಿದು ಮಾಡಿ ನನ್ನ ಕಿವಿ, ಕೆನ್ನೆ, ಮೂಗು, ಹಣೆ ಎಲ್ಲ ನೋಡಿದರು. ಬೇರೇನಾದರೂ ಇದೆಯೇ ಎಂದು ಹುಡುಕುವವರ ಹಾಗೆ ಸ್ವಲ್ಪ ಮುಂದಕ್ಕೂ ಬಾಗಿದರು. ಆಮೇಲೆ ಹೇಳಿದರು, "ಇಷ್ಟೇನಾ?"

"ಇಷ್ಟೇ," ಎಂದೆ. "ಇಷ್ಟಕ್ಕೇ ನಾನು ಹುಟ್ಟಿದಾಗಿಂದ ನಿಮ್ಮೆಲ್ಲರ ಬೆನ್ನು ನೋಡ್ಕೊಂಡು ಬದುಕಿದ್ದೀನಿ."

ಅವರ ಮುಖವೂ ಕೆಂಪಾಯಿತು, ಕಿವಿಯಿಂದ ಶುರುವಾಗಿ, ನನ್ನದರ ಹಾಗೆಯೇ. ಅಭ್ಯಾಸಬಲದಿಂದ ನನ್ನ ಕಾಲು ಬಾಗಿಲ ಕಡೆಗೆ ಅರ್ಧ ತಿರುಗಿತು. ಅದನ್ನು ಅಲ್ಲೇ ನಿಲ್ಲಿಸಿ, ಅವರ ಮುಖವನ್ನೇ ನೋಡಿಕೊಂಡು ಅರ್ಜಿಯನ್ನು ಮೊದಲಿನಿಂದ ಓದಿದೆ. ಗಟ್ಟಿಯಾಗಿ, ತಪ್ಪಿಲ್ಲದೆ ಓದಿದೆ. ಕೊನೆಯ ಸಾಲಿಗೆ ಬೂದಿ ಉದುರಿತು. ಮೋನಪ್ಪ ರಿಜಿಸ್ಟರ್ ಹಿಡಿದುಕೊಂಡು ಯಾವ ಕಡೆ ತಿರುಗಬೇಕೆಂದು ತಿಳಿಯದೆ ಒಂದು ಸುತ್ತು ಸುತ್ತಿ, ಕೊನೆಗೆ ಮೇಜಿನ ಮೇಲೆ ಇಟ್ಟು ಬರೆದ: "ಅರ್ಜಿದಾರರು ಮಾತಾಡಿದರು."

ಹನ್ನೊಂದನೇ ನಂಬರಿನ ಅಂಗಡಿಯಲ್ಲಿ ಮಿಷನ್ ಇಟ್ಟು ಈಗ ನಾಲ್ಕು ತಿಂಗಳಾಯಿತು. ಊರು ಬದಲಾಗಿದೆ ಎಂದು ಯಾರೂ ಭಾವಿಸಬೇಡಿ. ಮುಕ್ಕಾಲು ಜನ ಈಗಲೂ ತಿರುಗುತ್ತಾರೆ. ಉಳಿದ ಕಾಲು ಭಾಗ ನೋಡಲು ಕಲಿತು ನನ್ನ ತಲೆ ತಿನ್ನುತ್ತಿದ್ದಾರೆ: "ಜ್ವರಾನಾ ಅಕ್ಕಾ? ಪಿತ್ತಾನಾ? ಕೊತ್ತಂಬರಿ ಕಷಾಯ ಕುಡೀಬಾರದಾ?" ಇವರು ತಿರುಗಿಯೇ ಇದ್ದಿದ್ದರೆ ಚೆನ್ನಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ರುದ್ರೇಶ ಅಭ್ಯಾಸ ಮಾಡುತ್ತಿದ್ದಾನೆ. ಹಾಲು ಕಾಯಲು ಇಟ್ಟು ಅದು ಉಕ್ಕುವ ತನಕ ನನ್ನ ಮುಖ ನೋಡುತ್ತಾನೆ, ಆಮೇಲೆ ಡಬ್ಬಿಗಳ ಕಡೆ ತಿರುಗುತ್ತಾನೆ. ಎರಡು ಸಲ ಹಾಲು ಉಕ್ಕಿ ಹೋಯಿತು. ಒಲೆ ನಾನೇ ಒರೆಸಿದೆ.

ಮೊನ್ನೆ ಗುರುಶಾಂತಪ್ಪ ಅಂಗಡಿಗೆ ಬಂದರು. ನಾನು ಹೆಂಗಸರದ್ದೇ ಹೊಲಿಯುವುದು ಎಂದು ಗೊತ್ತಿದ್ದೂ ಶರ್ಟಿನ ಬಟ್ಟೆ ತಂದಿದ್ದರು. ಭುಜದ ವಿಷಯ ಅವರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಟೇಪು ಹಿಡಿದು ಎದುರಿಗೆ ನಿಲ್ಲುತ್ತಲೇ ನನ್ನ ಮುಖ ಕಾಯಿತು. ಅವರು ಹಲ್ಲುಕಚ್ಚಿ, ಬೆವರುತ್ತ, ನನ್ನ ಮುಖವನ್ನೇ ನೋಡುತ್ತ ಕಂಬದ ಹಾಗೆ ನಿಂತರು. ಎದೆ, ಸೊಂಟ, ತೋಳು, ಕತ್ತು ಎಲ್ಲ ಅಳೆದೆ. ಬೆನ್ನೊಂದು ಉಳಿಯಿತು. ಕಣ್ಣಳತೆ ಸಾಕಿತ್ತು. ಆದರೂ ಟೇಪು ಕೊರಳಿಗೆ ಹಾಕಿಕೊಂಡು, "ಈಗ ಆ ಕಡೆ ತಿರುಗಿ," ಎಂದೆ.

ಅವರು ತಿರುಗಲಿಲ್ಲ. "ಇಲ್ಲಮ್ಮ, ಪರವಾಗಿಲ್ಲ," ಎಂದರು. "ನಾನು ನೋಡ್ತೀನಿ."

"ಬೆನ್ನಿನ ಅಳತೆ ತಗೋಬೇಕು ಸ್ವಾಮೀ," ಎಂದೆ. "ತಿರುಗಿ ಅಂದ್ರೆ ತಿರುಗಿ!"